ನೆಲ ನಡುಗಿದಾಗ ಮಾಳಿಗೆಯನ್ನು ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

2021ರ ಅಕ್ಟೋಬರ್ 11ರ ರಾತ್ರಿ, ಹತ್ತು ಗಂಟೆಗೆ ಇನ್ನೂ ಕೆಲವು ನಿಮಿಷಗಳಿರುವಾಗ, ಕಲಬುರಗಿ ಜಿಲ್ಲೆಯಲ್ಲಿ ನೆಲ ಕಂಪಿಸಿತು. ಮಾಪಕಗಳು ಅದನ್ನು 4.1 ಎಂದು ದಾಖಲಿಸಿದವು. ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಸುತ್ತಲಿನ ಹಳ್ಳಿಗಳವರಿಗೆ ಆ ಮಳೆಗಾಲದಲ್ಲಿ ಅದೊಂದೇ ಕಂಪನವಾಗಿರಲಿಲ್ಲ. ಅದಕ್ಕೂ ಚಿಕ್ಕವಾದ ಕಂಪನಗಳು, ನೆಲದೊಳಗಿನಿಂದ ಏಳುವ ಸದ್ದಿನೊಂದಿಗೆ, ಮತ್ತೆ ಮತ್ತೆ ಬಂದವು. ಜನ ಮನೆಯೊಳಗೆ ಮಲಗಲು ಹೆದರಿದರು. ಕೆಲವರು ಊರನ್ನೇ ಬಿಟ್ಟು ನೆಂಟರ ಮನೆಗಳಿಗೆ ಹೋದರು. ನಮ್ಮ ಭಾಗದಲ್ಲಿ ಭೂಕಂಪ ಎಂದರೆ ಅಪರೂಪದ ಸಂಗತಿ. ಅಪರೂಪವಾದ್ದರಿಂದಲೇ ನಾವು ಅದಕ್ಕೆ ಸಿದ್ಧರಿಲ್ಲ. ಇಂದು ನಾನು ಹೇಳಬೇಕೆಂದಿರುವ ಮಾತು ಒಂದೇ ಒಂದು. ಕಂಪನ ನಿಂತ ಮೇಲೆ ನೆಲವನ್ನು ನೋಡುತ್ತ ಕೂರಬೇಡಿ, ನಿಮ್ಮ ಮನೆಯ ಮಾಳಿಗೆಯನ್ನೂ, ಅಂದರೆ ತಲೆಯ ಮೇಲಿನ ಮಣ್ಣಿನ ಚಾವಣಿಯನ್ನೂ, ಗೋಡೆಯನ್ನೂ ನೋಡಿ.

ಆ ಸದ್ದಿನ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಜನರನ್ನು ಹೆಚ್ಚು ಹೆದರಿಸಿದ್ದು ಅದೇ. ಕಂಪನದ ಮೂಲ ಹೆಚ್ಚು ಆಳದಲ್ಲಿಲ್ಲದೆ, ಮೇಲಿರುವ ಬಂಡೆ ಗಟ್ಟಿಯಾಗಿದ್ದರೆ, ಮೊದಲು ಬರುವ ಅಲೆಯು ಸೆಕೆಂಡಿಗೆ ಸುಮಾರು ಐದಾರು ಕಿಲೋಮೀಟರ್ ವೇಗದಲ್ಲಿ ನೆಲದ ಮೇಲ್ಮೈಯನ್ನು ಮುಟ್ಟಿ, ಅಲ್ಲಿಂದ ಗಾಳಿಗೆ ದಾಟಿ, ನಮ್ಮ ಕಿವಿಗೆ ಕೇಳಿಸುವ ಸದ್ದಾಗುತ್ತದೆ. ಸದ್ದು ದೊಡ್ಡದಾಯಿತೆಂದ ಮಾತ್ರಕ್ಕೆ ಭೂಕಂಪ ದೊಡ್ಡದು ಎಂದಲ್ಲ. ಸದ್ದಿಗೆ ಹೆದರಬೇಡಿ, ಮಾಳಿಗೆಯನ್ನು ನೋಡಿ.

ಈ ಮಾತನ್ನು ನನಗೆ ಕಲಿಸಿದ್ದು ಪುಸ್ತಕವಲ್ಲ, ಚಿಂಚೋಳಿ ತಾಲ್ಲೂಕಿನ ಒಂದು ಹಳ್ಳಿಯ ಒಬ್ಬ ಅಜ್ಜಿ. ಆ ಅಕ್ಟೋಬರಿನಲ್ಲಿ ಮನೆಗಳ ಸ್ಥಿತಿಯನ್ನು ನೋಡಿಬರಲು ನಾನು ಅಲ್ಲಿಗೆ ಹೋಗಿದ್ದೆ. ಅಜ್ಜಿಯ ಮನೆಯವರು ಎಂಟು ರಾತ್ರಿಗಳಿಂದ ಅಂಗಳದಲ್ಲಿ ತಾಡಪತ್ರಿ ಕಟ್ಟಿಕೊಂಡು ಮಲಗುತ್ತಿದ್ದರು. ಅಡುಗೆ ಮಾತ್ರ ಒಳಗೆ. ನಾನು ಪಡಸಾಲೆಯ ಹೊರಸಿನ ಮೇಲೆ ಕುಳಿತಿದ್ದೆ, ಅಜ್ಜಿ ಚಹಾ ತಂದುಕೊಟ್ಟು, ಎಲ್ಲರೂ ಕೇಳುವ ಪ್ರಶ್ನೆಯನ್ನೇ ಕೇಳಿದರು: “ಯವ್ವಾ, ಇದು ಮತ್ತ ಯಾವಾಗ ಬರ್ತದ?” ನಾನು ಉತ್ತರ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅದು ಬಂದೇಬಿಟ್ಟಿತು.

ಗುಡುಗಿನಂಥ ಸದ್ದು, ಆದರೆ ಗುಡುಗು ಮೇಲಿನಿಂದ ಇಳಿಯುತ್ತದೆ, ಇದು ಅಂಗಾಲಿನಿಂದ ಏರಿತು. ದೊಡ್ಡ ಲಾರಿಯೊಂದು ಗೋಡೆಯಾಚೆಗೆ ಹಾದುಹೋದಂತಾಯಿತು, ಆದರೆ ಆ ಓಣಿಯಲ್ಲಿ ಲಾರಿ ತಿರುಗಲು ಜಾಗವೇ ಇರಲಿಲ್ಲ. ಮಾಡದಲ್ಲಿದ್ದ ಹಿತ್ತಾಳೆಯ ತಂಬಿಗೆಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು, ನನ್ನ ಕೈಯಲ್ಲಿದ್ದ ಬಸಿಯಲ್ಲಿ ಚಹಾ ಉಂಗುರ ಉಂಗುರವಾಗಿ ನಡುಗಿತು. ಎಲ್ಲವೂ ಸೇರಿ ಎರಡು ಮೂರು ಸೆಕೆಂಡು. ಇಷ್ಟು ವರ್ಷ ಭೂಕಂಪದ ಪಾಠ ಹೇಳಿದ್ದ ನಾನು ಕಾಲಡಿಯ ಪರಸಿ ಕಲ್ಲನ್ನು ನೋಡುತ್ತಿದ್ದೆ. ಅಜ್ಜಿ ನೆಲವನ್ನು ನೋಡಲಿಲ್ಲ. ಅವರ ಕಣ್ಣು ಮೇಲಿತ್ತು. ಎರಡು ಜಂತಿಗಳ ನಡುವಿನ ಸಂದಿಯಿಂದ ಮಣ್ಣು, ಜರಡಿಯಿಂದ ಹಿಟ್ಟು ಇಳಿಯುವಂತೆ, ಸಣ್ಣಗೆ ಉದುರುತ್ತಿತ್ತು. ಸದ್ದು ನಿಂತು ಎಷ್ಟೋ ಹೊತ್ತಿನವರೆಗೆ ಅದು ಉದುರುತ್ತಲೇ ಇತ್ತು.

“ಆಯಿ, ಮೇಲೆ ಎಷ್ಟು ಮಣ್ಣಿದೆ?” ಎಂದು ಕೇಳಿದೆ. “ಯಾರಿಗೆ ಗೊತ್ತವ್ವಾ, ನಮ್ಮ ಮಾವನ ಕಾಲದಿಂದ ಹಾಕ್ಕೋಂತ ಬಂದೀವಿ” ಎಂದರು. ಈ ಭಾಗದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಣ್ಣಿನ ಮಾಳಿಗೆ ಸೋರಬಾರದೆಂದು ಮಳೆಗಾಲಕ್ಕೆ ಮುಂಚೆ ಮೇಲೊಂದು ಪದರ ಹೊಸ ಮಣ್ಣು ಹಾಕುತ್ತೇವೆ. ಹಾಕುವುದು ಎಲ್ಲರಿಗೂ ನೆನಪಿರುತ್ತದೆ, ಹಳೆಯದನ್ನು ತೆಗೆಯುವುದು ಯಾರಿಗೂ ನೆನಪಿರುವುದಿಲ್ಲ. ಅಜ್ಜಿಯ ಮಗನೊಂದಿಗೆ ನಾನು ಏಣಿ ಹತ್ತಿದೆ. ಬೆಳಕಿಂಡಿಯ ಪಕ್ಕದಲ್ಲಿ ಅವನು ಸಲಿಕೆಯಿಂದ ಅಗೆದ. ಕಪ್ಪು ಪದರ, ಕೆಂಪು ಪದರ, ಬೂದಿ ಬಣ್ಣದ ಪದರ, ಮತ್ತೆ ಕಪ್ಪು. ಮೂರು ತಲೆಮಾರಿನ ಬೇಸಿಗೆಗಳು ಅಲ್ಲಿ ಒಂದರ ಮೇಲೊಂದು ಮಲಗಿದ್ದವು. ಅಳೆದರೆ ಸರಿಯಾಗಿ ಒಂದು ಮೊಳ. ಕೋಣೆ ಹತ್ತಡಿಗೆ ಹನ್ನೆರಡಡಿ. ಅಲ್ಲೇ ಕುಳಿತು ಲೆಕ್ಕ ಹಾಕಿ ತೋರಿಸಿದೆ: ಆ ಒಂದು ಕೋಣೆಯ ಮೇಲೆ ಎಂಟು ಟನ್ನಿಗೂ ಹೆಚ್ಚು ಮಣ್ಣು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂದ್ರ ಎಂಟು ಬಂಡಿ ಮಣ್ಣಿನ ಬುಡಕ ಮಲಗ್ತಿದ್ದಿವಿ” ಎಂದ. ಹೌದು, ತುಂಬಿದ ಎಂಟು ಬಂಡಿಗಳನ್ನು ಕಲ್ಲಿನ ಗೋಡೆಯ ಮೇಲೆ ನಿಲ್ಲಿಸಿ, ಅವುಗಳ ಕೆಳಗೆ ತೊಟ್ಟಿಲು ಕಟ್ಟಿದ ಹಾಗೆ.

ನಮಗೆ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿ ಮರೆಯಬಾರದು. ಅದು ಕಲಬುರಗಿ ನಗರದಿಂದ ನೇರ ದೂರದಲ್ಲಿ ನೂರು ಕಿಲೋಮೀಟರ್ ಕೂಡ ಇಲ್ಲ. 1993ರ ಸೆಪ್ಟೆಂಬರ್ 30ರಂದು, ಗಣಪತಿಯನ್ನು ನೀರಿಗೆ ಬಿಟ್ಟು ಬಂದ ಜನ ಗಾಢ ನಿದ್ರೆಯಲ್ಲಿದ್ದಾಗ, ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ 6.2 ತೀವ್ರತೆಯ ಭೂಕಂಪವಾಗಿ 7,900ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿಯೂ ಇದೇ ಮಾಳಿಗೆ, ಇದೇ ಗೋಡೆ. ಎರಡು ಕಡೆ ದಪ್ಪ ಕಲ್ಲು ಜೋಡಿಸಿ, ನಡುವೆ ಜಲ್ಲಿ ಮತ್ತು ಕೆಸರು ತುಂಬಿದ ಗೋಡೆ ಹೊರಗಿನಿಂದ ಕೋಟೆಯಂತೆ ಕಾಣುತ್ತದೆ. ಅಲುಗಿದಾಗ ಅದರ ಎರಡು ಪದರಗಳು ಒಂದನ್ನೊಂದು ಬಿಟ್ಟು ಸರಿಯುತ್ತವೆ, ಮೇಲಿನ ಮಣ್ಣೆಲ್ಲ ಮಲಗಿದವರ ಮೇಲೆ ಬೀಳುತ್ತದೆ. ಅದೇ ಊರುಗಳಲ್ಲಿ ಮರದ ಕಂಬಗಳ ಮೇಲೆ ನಿಂತ ಹುಲ್ಲುಮಾಡಿನ ಗುಡಿಸಲುಗಳು ಉಳಿದುಕೊಂಡವು. ಬಡವರ ಗುಡಿಸಲು ಉಳಿಯಿತು, ಕಲ್ಲಿನ ವಾಡೆ ಬಿತ್ತು. ಭೂಮಿ ಇಬ್ಬರ ಕಾಲಡಿಯಲ್ಲೂ ಒಂದೇ ಸಮನೆ ನಡುಗಿತ್ತು, ವ್ಯತ್ಯಾಸವಿದ್ದದ್ದು ತಲೆಯ ಮೇಲಿನ ಭಾರದಲ್ಲಿ.

2021ರ ಆ ರಾತ್ರಿಯ 4.1 ಎಲ್ಲಿ, ಕಿಲ್ಲಾರಿಯ 6.2 ಎಲ್ಲಿ? ಎರಡು ಅಂಕೆಯ ವ್ಯತ್ಯಾಸವಷ್ಟೇ ಎಂದು ತಿಳಿಯಬೇಡಿ. ಮಾಪಕದಲ್ಲಿ ಒಂದು ಮೆಟ್ಟಿಲು ಏರಿದರೆ ಹೊರಬೀಳುವ ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತದೆ. ಆದ್ದರಿಂದ ಕಿಲ್ಲಾರಿಯ ಶಕ್ತಿ ಇದರ ಸಾವಿರ ಪಟ್ಟಿಗೂ ಮಿಗಿಲು. ಆ ಮಳೆಗಾಲದ ಕಂಪನಗಳಿಗೆ ಮಳೆನೀರು ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದು ಒಳಗಿನ ಒತ್ತಡ ಬದಲಾದದ್ದು ಕಾರಣವೆಂದು ತಜ್ಞರು ವಿವರಿಸಿದ್ದಾರೆ. ಆದರೆ ಕಾರಣ ತಿಳಿದ ಮಾತ್ರಕ್ಕೆ ಅಜ್ಜಿಯ ಮಾಳಿಗೆ ಹಗುರವಾಗುವುದಿಲ್ಲ.

ಇನ್ನು ಆ ಪ್ರಶ್ನೆ, ಮತ್ತೆ ಯಾವಾಗ ಎಂಬುದು. ದಿನ, ಗಂಟೆ ಹೇಳಬಲ್ಲ ವಿಜ್ಞಾನಿ ಜಗತ್ತಿನಲ್ಲಿ ಒಬ್ಬರೂ ಇಲ್ಲ. ಗೌರಿಬಿದನೂರಿನಲ್ಲಿ 1960ರ ದಶಕದಿಂದಲೂ ದೂರದ ದೇಶಗಳ ಕಂಪನವನ್ನು ಗ್ರಹಿಸುವ ಉಪಕರಣಗಳ ಸಾಲೇ ಇದೆ. ಅವೂ ನಡೆದದ್ದನ್ನು ಹೇಳುತ್ತವೆ, ನಡೆಯಲಿರುವುದನ್ನಲ್ಲ. ಹೀಗಿರುವಾಗ “ಇಂದು ರಾತ್ರಿ ಎರಡು ಗಂಟೆಗೆ ದೊಡ್ಡದು ಬರುತ್ತದೆ” ಎಂದು ಮೊಬೈಲಿನಲ್ಲಿ ಸಂದೇಶ ಕಳಿಸುವವರಿಂದಾಗಿ ಬಾಣಂತಿಯರೂ ಹಸುಗೂಸುಗಳೂ ಚಳಿಯಲ್ಲಿ ಬಯಲಿನಲ್ಲಿ ಮಲಗಬೇಕಾಗುತ್ತದೆ. ದಯವಿಟ್ಟು ಅಂಥ ಸಂದೇಶವನ್ನು ಮುಂದಕ್ಕೆ ಕಳಿಸಬೇಡಿ. ಅದನ್ನು ಓದುವ ಹೊತ್ತಿನಲ್ಲಿ ಏಣಿ ಹತ್ತಿ ಮಾಳಿಗೆಯನ್ನು ನೋಡಿ.

ನನಗೆ ಕೊಟ್ಟ ಸಮಯ ಮುಗಿಯುತ್ತ ಬಂದಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ನಡುಕದ ಹೊತ್ತಿನಲ್ಲಿ ಮಣ್ಣಿನ ಮಾಳಿಗೆಯ ಮನೆಯ ಬಾಗಿಲ ಬಳಿಯೇ ಇದ್ದು, ಮುಂದೆ ಬಯಲಿದ್ದರೆ ಹೊರಗೆ ಹೋಗಿ. ಇಕ್ಕಟ್ಟಾದ ಓಣಿಯಲ್ಲಿ ಎರಡು ಗೋಡೆಗಳ ನಡುವೆ ನಿಲ್ಲಬೇಡಿ. ಒಳಗೇ ಉಳಿದರೆ ಗಟ್ಟಿ ಮಂಚದ ಕೆಳಗೆ ಸೇರಿ ತಲೆಯನ್ನು ಮುಚ್ಚಿಕೊಳ್ಳಿ. ಆರ್‌ಸಿಸಿ ಮನೆಯಲ್ಲಿರುವವರು ಮೆಟ್ಟಿಲಿನತ್ತ ಓಡಬೇಡಿ, ಮೇಜಿನ ಕೆಳಗಿರಿ. ಹೊಟ್ಟೆ ಬಿಟ್ಟಿರುವ ಗೋಡೆಯ ಪಕ್ಕದಿಂದ ಹಾಸಿಗೆಯನ್ನು ಇಂದೇ ಸರಿಸಿ.

ಮಾಳಿಗೆಯ ಮಣ್ಣನ್ನು ಬೇಸಿಗೆಯಲ್ಲಿ ತೆಗೆದು, ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೆ ಒಂದು ಗೇಣಿಗಿಂತ ಹೆಚ್ಚಿಲ್ಲದಂತೆ ಮಣ್ಣು ಹಾಕಿದರೆ ಸೋರುವುದೂ ನಿಲ್ಲುತ್ತದೆ, ಭಾರವೂ ಇಳಿಯುತ್ತದೆ. ಅಜ್ಜಿಯ ಮಗ ಮುಂದಿನ ಬೇಸಿಗೆಯಲ್ಲಿ ಹಾಗೆಯೇ ಮಾಡಿದ. ಇಳಿಸಿದ ಮಣ್ಣು ನಾಲ್ಕು ಬಂಡಿಗೂ ಮಿಗಿಲಾಯಿತಂತೆ, ಅದನ್ನು ಹೊಲದ ಬದುವಿಗೆ ಹಾಕಿದೆ ಎಂದು ಫೋನಿನಲ್ಲಿ ತಿಳಿಸಿದ. ಹೊಸದಾಗಿ ಕಲ್ಲಿನ ಗೋಡೆ ಕಟ್ಟಿಸುವವರು ಪ್ರತಿ ಎರಡಡಿ ಎತ್ತರಕ್ಕೆ, ನಾಲ್ಕು ನಾಲ್ಕು ಅಡಿಗೆ ಒಂದರಂತೆ, ಗೋಡೆಯ ಈ ಬದಿಯಿಂದ ಆ ಬದಿಗೆ ಮುಟ್ಟುವ ಉದ್ದನೆಯ ಕಲ್ಲನ್ನು ಇಡಲು ಗೌಂಡಿಗೆ ಮೊದಲೇ ಹೇಳಿ, ಅವರು ಇಡುವಾಗ ಪಕ್ಕದಲ್ಲಿ ನಿಂತು ನೋಡಿ.

ನಮಸ್ಕಾರ.