ಮಂಡ್ಯಕ್ಕೆ ವಯಸ್ಸಾಗುತ್ತಿದೆ, ನೋಡಿಕೊಳ್ಳುವವರು ಯಾರು?

ಎಲ್ಲರಿಗೂ ನಮಸ್ಕಾರ.

ಮುಪ್ಪಿನ ಬಗ್ಗೆ ಉಪನ್ಯಾಸ ಅಂದ ಕೂಡಲೇ ಎರಡು ಮಾತು ಬರಬೇಕು ಅಂತ ಜನ ಕಾಯುತ್ತಾರೆ. ಒಂದು, ಈಗಿನ ಮಕ್ಕಳಿಗೆ ಬೈಗುಳ. ಇನ್ನೊಂದು, ಹಳೆಯ ಕೂಡು ಕುಟುಂಬದ ಗುಣಗಾನ. ಇವತ್ತು ಎರಡೂ ಇಲ್ಲ. ಮಕ್ಕಳು ಕೆಟ್ಟುಹೋದರು ಅಂತ ಅರ್ಧ ಗಂಟೆ ಮಾತಾಡಿ ಚಪ್ಪಾಳೆ ತಗೊಳ್ಳೋದು ಸುಲಭ. ಅದರಿಂದ ಊರಿನ ಯಾವ ಅಜ್ಜಿಗೂ ಒಂದು ಚೊಂಬು ಬಿಸಿನೀರು ಸಿಗುವುದಿಲ್ಲ.

ಮೊದಲು ಲೆಕ್ಕ ನೋಡೋಣ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ 60 ದಾಟಿದವರು ನೂರಕ್ಕೆ ಒಂಬತ್ತು, ಹತ್ತು ಜನ ಇದ್ದರು. 2031ಕ್ಕೆ ಇದು ನೂರಕ್ಕೆ 15ರ ಹತ್ತಿರ ಬರುತ್ತದೆ ಎಂದು ಕೇಂದ್ರ ಸರ್ಕಾರದ ತಜ್ಞರ ಅಂದಾಜು. ಇನ್ನೊಂದು ಕಡೆ ಮಕ್ಕಳು ಕಡಿಮೆಯಾಗಿದ್ದಾರೆ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. 60 ತಲುಪಿದವರು ಇನ್ನೂ 18 ವರ್ಷದಷ್ಟು ಬದುಕುವುದು ಈಗ ಮಾಮೂಲು.

ಇದನ್ನು ಗಂಡಾಂತರ ಅಂತ ನಾನು ಕರೆಯುವುದಿಲ್ಲ. ನಾವೇ ಬೇಕು ಅಂತ ಕೇಳಿ ಪಡೆದದ್ದು ಇದು. 1930ರಲ್ಲೇ ಮೈಸೂರು ಸಂಸ್ಥಾನದ ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಜನನ ನಿಯಂತ್ರಣದ ಕ್ಲಿನಿಕ್ ತೆರೆಯಲು ಆದೇಶ ಮಾಡಿತು. ಸರ್ಕಾರವೇ ಮುಂದೆ ನಿಂತು ಇಂಥ ಕೆಲಸಕ್ಕೆ ಕೈ ಹಾಕಿದ್ದು ಜಗತ್ತಿನಲ್ಲೇ ಮೊದಲ ಉದಾಹರಣೆಗಳಲ್ಲಿ ಒಂದು. ಕಡಿಮೆ ಮಕ್ಕಳು, ಉದ್ದ ಆಯಸ್ಸು ಎರಡೂ ಸಿಕ್ಕವು. ಇವೆರಡೂ ಒಟ್ಟಿಗೆ ಬಂದರೆ ಮನೆಯಲ್ಲಿ ಯಾರು ಇರುತ್ತಾರೆ ಅನ್ನೋದನ್ನು ಮಾತ್ರ ಯಾರೂ ಯೋಚಿಸಲಿಲ್ಲ.

ಮಂಡ್ಯದಲ್ಲಿ ಈ ಪ್ರಶ್ನೆ ಇನ್ನೂ ಬಿಗಿಯಾಗಿದೆ. ಓದಿದ ಹುಡುಗರು ಬೆಂಗಳೂರಿಗೆ ಹೋದರು. ಹೆಣ್ಣುಮಕ್ಕಳೂ ಹೋದರು. ಗದ್ದೆ ನೋಡಿಕೊಂಡು ಉಳಿದ ಹುಡುಗರಿಗೆ ಹೆಣ್ಣು ಸಿಗಲಿಲ್ಲ. 2023ರ ಫೆಬ್ರವರಿಯಲ್ಲಿ ಮದುವೆಯಾಗದ ರೈತ ಯುವಕರು ಮದ್ದೂರು ತಾಲ್ಲೂಕಿನಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದದ್ದು ನಿಮಗೆ ನೆನಪಿದೆ. ಟಿವಿಯವರು ಅದನ್ನು ತಮಾಷೆ ಮಾಡಿದರು. ನನಗೆ ಅದರಲ್ಲಿ ನಗು ಕಾಣಲಿಲ್ಲ. ಅವರಲ್ಲಿ 35 ವರ್ಷದವನಿಗೆ 2050 ಬರುವ ಮೊದಲೇ 60 ತುಂಬುತ್ತದೆ. ಹೆಂಡತಿ ಇಲ್ಲ, ಮಕ್ಕಳಿಲ್ಲ, ತಂದೆ ತಾಯಿ ಆಗಲೇ ಹೋಗಿರುತ್ತಾರೆ. ಅವನ ಮುಪ್ಪು ಯಾವ ಯೋಜನೆಯಲ್ಲಿದೆ?

ಅದೇ ವರ್ಷದ ಕೊನೆಯಲ್ಲಿ ಇದೇ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮಿಷನ್ ಇಟ್ಟು ಹೆಣ್ಣು ಭ್ರೂಣ ಪತ್ತೆ ಮಾಡುತ್ತಿದ್ದ ಜಾಲ ಬಯಲಿಗೆ ಬಂತು. ಬೆಲ್ಲ ಕಾಯಿಸುವ ಜಾಗ! ಇದೂ ಮುಪ್ಪಿನ ವಿಷಯವೇ. ಮುಪ್ಪಿಗೆ ಆಸರೆ ಗಂಡುಮಗ ಅಂತ ನಂಬಿಕೊಂಡೇ ಅಲ್ವಾ ಅಲ್ಲಿಗೆ ಹೋದದ್ದು? ಆ ಗಂಡುಮಗನಿಗೆ ಈಗ ಹೆಣ್ಣು ಸಿಗುತ್ತಿಲ್ಲ. ಇನ್ನು ಆಸ್ಪತ್ರೆಯ ವಾರ್ಡಿಗೆ ಹೋಗಿ ನೋಡಿ. ಜಿಲ್ಲಾಸ್ಪತ್ರೆ ಇರಲಿ, ಮೈಸೂರಿನ ಕೆ.ಆರ್. ಆಸ್ಪತ್ರೆ ಇರಲಿ, ಮುದುಕರ ಮಂಚದ ಪಕ್ಕ ಚಾಪೆ ಹಾಸಿಕೊಂಡು ಮಲಗಿರುವವರು ಯಾರು? ಮಗಳು, ಇಲ್ಲವೇ ಸೊಸೆ. ಮಗ ಸಂಜೆ ಬಂದು ಬಿಲ್ ನೋಡಿ ಹೋಗುತ್ತಾನೆ.

ನನ್ನ ಮಾತಿನ ತಿರುಳು ಇಷ್ಟೇ. ಮುದುಕರನ್ನು ನೋಡಿಕೊಳ್ಳುವುದು ಒಂದು ಕೆಲಸ. ಎತ್ತಬೇಕು, ತೊಳೆಯಬೇಕು, ರಾತ್ರಿ ಮೂರು ಸಲ ಏಳಬೇಕು. ಇಷ್ಟು ದಿನ ಈ ಕೆಲಸವನ್ನು ಮನೆಯ ಹೆಂಗಸರಿಂದ ಬಿಟ್ಟಿ ಮಾಡಿಸಿ, ಅದಕ್ಕೆ ಸಂಸ್ಕೃತಿ ಅಂತ ಹೆಸರಿಟ್ಟುಕೊಂಡಿದ್ದೆವು. ಆ ಹೆಂಗಸು ಈಗ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ, ಇಲ್ಲವೇ ಬೆಂಗಳೂರಿನಲ್ಲಿದ್ದಾಳೆ, ಇಲ್ಲವೇ ಅವಳಿಗೇ 65 ಆಗಿ ಮಂಡಿ ನೋವು. 85ರ ಅತ್ತೆಯನ್ನು 65ರ ಸೊಸೆ ಎತ್ತಿ ಕೂರಿಸುವ ಮನೆಗಳು ನಿಮ್ಮ ಬೀದಿಯಲ್ಲೂ ಇವೆ. ಕನ್ನಂಬಾಡಿ ನೀರನ್ನು ಅವರವರೇ ಹೊತ್ತುಕೊಂಡು ಹೋಗಲಿ ಅಂತ ಅಂದಿನವರು ಅಂದಿದ್ದರೆ ಈ ಜಿಲ್ಲೆಯಲ್ಲಿ ಕಬ್ಬು ಬೆಳೆಯುತ್ತಿತ್ತೇ? ನಾಲೆ ತೋಡಿದರು. ಮುಪ್ಪಿಗೂ ಅಂಥದ್ದೊಂದು ನಾಲೆ ಬೇಕು. ಮನೆಯೊಳಗಿನ ಪ್ರೀತಿ ಮನೆಯವರದು. ಎತ್ತಿ ಇಳಿಸುವ ಕೆಲಸದಲ್ಲಿ ಊರಿಗೂ ಸರ್ಕಾರಕ್ಕೂ ಪಾಲಿರಬೇಕು.

ದುಡ್ಡಿನ ವಿಷಯಕ್ಕೆ ಬರೋಣ. ಮೈಸೂರನ್ನು ಪಿಂಚಣಿದಾರರ ಸ್ವರ್ಗ ಅಂತಾರೆ. ಕುವೆಂಪುನಗರದಲ್ಲೋ ಸರಸ್ವತಿಪುರಂನಲ್ಲೋ ಬೆಳಗ್ಗೆ ವಾಕಿಂಗ್, ಆಮೇಲೆ ಪೇಪರ್, ಕಾಫಿ. ಚೆನ್ನಾಗಿದೆ, ನಾನೂ ಅಂಥವರ ಜೊತೆ ಕೂತು ಹರಟೆ ಹೊಡೆದಿದ್ದೇನೆ. ಆದರೆ ಆ ಸ್ವರ್ಗದ ಬಾಗಿಲು ಮುಚ್ಚುತ್ತಿದೆ. 2006ರ ಏಪ್ರಿಲ್ 1ರ ನಂತರ ರಾಜ್ಯ ಸರ್ಕಾರದ ಕೆಲಸಕ್ಕೆ ಸೇರಿದವರು ಇಷ್ಟೇ ಬರುತ್ತದೆ ಅಂತ ಖಾತರಿಯಿಲ್ಲದ ಹೊಸ ಪಿಂಚಣಿ ವ್ಯವಸ್ಥೆಗೆ ಹೋದರು. ಕಾರ್ಖಾನೆ, ಮಿಲ್ಲುಗಳಲ್ಲಿ ದುಡಿದವರಿಗೆ ಭವಿಷ್ಯನಿಧಿ ಕಡೆಯಿಂದ ಬರುವ ಇಪಿಎಸ್ ಪಿಂಚಣಿಗೆ 2014ರಲ್ಲಿ ಕನಿಷ್ಠ 1,000 ರೂಪಾಯಿ ಅಂತ ಗೊತ್ತು ಮಾಡಿದರು. ತಿಂಗಳಿಗೆ! ಬಿಪಿ, ಶುಗರ್ ಮಾತ್ರೆಗೇ ಅದು ಸಾಲದು.

ಇನ್ನು ಮಂಡ್ಯದ ಕೂಲಿಯವರಿಗೆ, ಗೇಣಿದಾರರಿಗೆ ಇದ್ಯಾವುದೂ ಇಲ್ಲ. ಅವರಿಗೆ ರಾಜ್ಯದ ಮುಪ್ಪಿನ ಪಿಂಚಣಿ ಸಂಧ್ಯಾ ಸುರಕ್ಷಾದ 1,200 ರೂಪಾಯಿ. ಬಡ ಹಿರಿಯರ ಪಿಂಚಣಿಗೆ ಕೇಂದ್ರ ಕೊಡುವ ಪಾಲು 80ರ ಒಳಗಿನವರಿಗೆ 200 ರೂಪಾಯಿ. ಹದಿನೈದು ವರ್ಷಕ್ಕೂ ಜಾಸ್ತಿ ಆಯಿತು, ಅದೇ 200. ಈ ನಡುವೆ ಕಾಫಿ ಎಷ್ಟಾಯಿತು, ಗ್ಯಾಸ್ ಎಷ್ಟಾಯಿತು ನಿಮಗೇ ಗೊತ್ತು. ಪಿಂಚಣಿಯನ್ನು ಬೆಲೆ ಏರಿಕೆಗೆ ಜೋಡಿಸಿ ಅಂತ ಕೇಳುವುದು ನನ್ನ ಮೊದಲ ಬೇಡಿಕೆ. ನೌಕರರ ತುಟ್ಟಿಭತ್ಯೆ ಏರುತ್ತದಲ್ಲ, ಅಜ್ಜಿಗೇಕೆ ಇಲ್ಲ?

ಬಿಟ್ಟಿ ಭಾಗ್ಯ ಅಂತ ಬೈಯುವವರು ಇಲ್ಲೂ ಇರಬಹುದು. ನಾನು ಕಂಡದ್ದು ಹೇಳುತ್ತೇನೆ. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ, ಮದುವೆಯಾಗಿ ದೂರ ಹೋದ ಹೆಣ್ಣುಮಕ್ಕಳು ಅವ್ವನನ್ನು ನೋಡಲು ಆಗಾಗ ಬರತೊಡಗಿದರು. ಬಂದವರು ಸುಮ್ನೆ ಕೂರುವುದಿಲ್ಲ. ತಲೆ ಬಾಚುತ್ತಾರೆ, ಬಟ್ಟೆ ಒಗೆಯುತ್ತಾರೆ, ಮಾತ್ರೆ ಡಬ್ಬಿ ನೋಡುತ್ತಾರೆ. ಅದನ್ನು ಮುಪ್ಪಿನ ಯೋಜನೆ ಅಂತ ಯಾರೂ ಮಾಡಿರಲಿಲ್ಲ, ಆದರೆ ಹಾಗೆ ಕೆಲಸ ಮಾಡುತ್ತಿದೆ. ಅದೇ ವರ್ಷ ಉದ್ಘಾಟನೆಯಾದ ಬೆಂಗಳೂರು-ಮೈಸೂರು ದಶಪಥದಲ್ಲಿ ಇದರ ತದ್ವಿರುದ್ಧ. ಕಾರಿನವರು ಒಂದೂವರೆ ಗಂಟೆಯಲ್ಲಿ ಹೋಗುತ್ತಾರೆ. ರಸ್ತೆಯ ಆಚೆ ಗದ್ದೆ, ಈಚೆ ಮನೆ ಇರುವ ಅಜ್ಜ ಅಂಡರ್‌ಪಾಸ್ ಹುಡುಕಿಕೊಂಡು ನಡೆಯಬೇಕು.

ದೇಹದ ಬಗ್ಗೆ ಎರಡು ಮಾತು. ನಾನು ಡಾಕ್ಟರ್ ಅಲ್ಲ. ಆದರೂ ಮೈಸೂರಿನ ಒಂದು ಸಂಗತಿ ಹೇಳಲೇಬೇಕು. ಮಿಷನ್ ಆಸ್ಪತ್ರೆ ಅಂತ ನಾವು ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ಸಂಶೋಧಕರು ಆ ಹಳೆಯ ರಿಜಿಸ್ಟರ್ ಹಿಡಿದು, ಮಧ್ಯವಯಸ್ಸು ದಾಟಿದ ಆ 'ಮಕ್ಕಳನ್ನು' ಹುಡುಕಿ ಪರೀಕ್ಷೆ ಮಾಡಿದರು. ಹುಟ್ಟುವಾಗ ಸಣ್ಣಗಿದ್ದವರಲ್ಲಿ ಹೃದಯದ ಕಾಯಿಲೆ ಹೆಚ್ಚು ಅಂತ 1996ರಲ್ಲಿ ಪ್ರಕಟವಾಯಿತು. ಅಂದರೆ ಇವತ್ತು ಬಸುರಿಯ ಊಟ ನೋಡಿಕೊಳ್ಳುವ ಅಂಗನವಾಡಿ ಕಾರ್ಯಕರ್ತೆ 2090ರ ಮುದುಕರಿಗೂ ಕೆಲಸ ಮಾಡುತ್ತಿದ್ದಾಳೆ.

ಮರೆವಿನ ಕಾಯಿಲೆಯನ್ನು ನಾವು ಅರವತ್ತಕ್ಕೆ ಅರಳುಮರಳು ಅಂತ ತಳ್ಳಿಹಾಕುತ್ತೇವೆ. ದೇಶದಲ್ಲಿ 60 ದಾಟಿದವರಲ್ಲಿ ನೂರಕ್ಕೆ ಏಳು ಜನಕ್ಕೆ ಡಿಮೆನ್ಷಿಯಾ ಇದೆ ಅಂತ 2023ರ ಅಧ್ಯಯನ ಹೇಳಿತು. ನಡುವಯಸ್ಸಿನಲ್ಲಿ ಕಿವಿ ಮಂದವಾದರೆ ಅದರ ಅಪಾಯ ಹೆಚ್ಚುತ್ತದೆ. ಕಿವಿ ಪರೀಕ್ಷೆಗೆ ದೇಶದಲ್ಲೇ ಹೆಸರಾದ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲಿದೆ, ಮಂಡ್ಯದಿಂದ ಒಂದು ಬಸ್ಸು. ಕಿವಿಗೆ ಮಿಷನ್ ಹಾಕಿಕೊಳ್ಳಲು ಏನು ನಾಚಿಕೆ? ಕನ್ನಡಕ ಹಾಕುವುದಿಲ್ಲವೇ? ಬಚ್ಚಲಲ್ಲಿ ಹಿಡಿ ಹಾಕಿಸಿ, ಜಾರುವ ಟೈಲ್ಸ್ ತೆಗೆಸಿ. ಇಷ್ಟು ಸಾಕು.

ಈಗ ಜಮೀನು. ಮುಂದಿನ ಸಾಲಿನವರು ನೆಟ್ಟಗೆ ಕೂತದ್ದು ಕಾಣುತ್ತಿದೆ! ನಮ್ಮ ಕಡೆ ಪಾಲಾಗುವಾಗ ಏನಾಗುತ್ತದೆ? ಅಪ್ಪ ದೊಡ್ಡವನ ಪಾಲಿಗೆ, ಅವ್ವ ಚಿಕ್ಕವನ ಪಾಲಿಗೆ. ಐವತ್ತು ವರ್ಷ ಒಟ್ಟಿಗೆ ಬಾಳಿದವರು ಎರಡು ಒಲೆಗೆ ಹಂಚಿಹೋಗುತ್ತಾರೆ. ಇದಕ್ಕಿಂತ ಕೆಟ್ಟದ್ದು, ಪ್ರೀತಿಯ ಮಾತಿಗೆ ಮರುಳಾಗಿ ಇರುವುದೆಲ್ಲ ದಾನಪತ್ರ ಮಾಡಿಕೊಟ್ಟು ಕೈಕಟ್ಟಿ ಕೂರುವುದು.

2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ 23ನೇ ಸೆಕ್ಷನ್ ತಿಳಿದುಕೊಳ್ಳಿ. ನೋಡಿಕೊಳ್ಳಬೇಕು ಅಂತ ಷರತ್ತು ಹಾಕಿ ಆಸ್ತಿ ಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ ಆ ಪತ್ರ ರದ್ದು ಮಾಡಿಸಬಹುದು. ಅರ್ಜಿ ಕೊಡಬೇಕಾದ್ದು ಉಪವಿಭಾಗಾಧಿಕಾರಿಗೆ, ಅಂದರೆ ಮಂಡ್ಯ ಅಥವಾ ಪಾಂಡವಪುರದ ಎಸಿ ಕಚೇರಿಗೆ. ಷರತ್ತೇ ಇಲ್ಲದಿದ್ದರೆ ಈ ಸೆಕ್ಷನ್ ಅನ್ವಯಿಸದು ಎಂದು 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2025ರ ಜನವರಿಯ ಇನ್ನೊಂದು ತೀರ್ಪು ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕು ಅಂದಿತು. ನ್ಯಾಯಾಧೀಶರ ಉದಾರತೆ ನಂಬಿ ಕೂರಬೇಡಿ. ಊಟ, ಔಷಧಿ, ವಾಸ ಅಂತ ಪತ್ರದಲ್ಲೇ ಬಿಡಿಸಿ ಬರೆಸಿ. ನನ್ನನ್ನು ಕೇಳಿದರೆ, ಬದುಕಿರುವ ತನಕ ಕೊಡಲೇಬೇಡಿ, ವಿಲ್ ಬರೆದಿಡಿ. ಹೆಂಡತಿಯ ಹೆಸರಿಗೂ ಸ್ವಲ್ಪ ಇಡಿ. ಸಾಮಾನ್ಯವಾಗಿ ಅವಳೇ ನಿಮಗಿಂತ ಹೆಚ್ಚು ವರ್ಷ ಇರುತ್ತಾಳೆ.

ಊರು ಏನು ಮಾಡಬಹುದು? ಜಪಾನಿನವರು 2000ದಲ್ಲಿ ಆರೈಕೆಗೇ ಒಂದು ವಿಮೆ ತಂದರು, 40 ದಾಟಿದವರೆಲ್ಲ ಕಂತು ಕಟ್ಟುತ್ತಾರೆ, ಮನೆಗೆ ಬಂದು ಸ್ನಾನ ಮಾಡಿಸುವವರೂ ಇದ್ದಾರೆ. ಅವರು ಶ್ರೀಮಂತರು, ಬಿಡಿ. ಎಚ್.ಡಿ. ಕೋಟೆ ದಾಟಿ ಗಡಿಯ ಬಾವಲಿ ಊರಿನಿಂದ ಆಚೆ ನೋಡಿ. ಕೇರಳದಲ್ಲಿ 1993ರಲ್ಲಿ ಕೋಝಿಕ್ಕೋಡಿನಲ್ಲಿ ಶುರುವಾದ ನೋವು ಉಪಶಮನದ ಕೆಲಸ ಊರೂರಿನ ಸ್ವಯಂಸೇವಕರಿಗೆ ಹಬ್ಬಿತು. 2008ರಲ್ಲಿ ಸರ್ಕಾರ ಅದನ್ನು ನೀತಿ ಮಾಡಿತು. ಹಾಸಿಗೆ ಹಿಡಿದವರ ಮನೆಗೆ ಪಂಚಾಯಿತಿ ಕಡೆಯಿಂದ ನರ್ಸ್ ಹೋಗುತ್ತಾರೆ. ನಮ್ಮಲ್ಲೂ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ನಂಥವರು ಮನೆಗೇ ಹೋಗಿ ಈ ಕೆಲಸ ಮಾಡುತ್ತಾರೆ. ಸಂಘ ಸಂಸ್ಥೆಗಳು ಎಷ್ಟು ಮನೆಗೆ ಹೋದಾವು? ಪಂಚಾಯಿತಿಯೇ ಹೊರಬೇಕು.

ಹೊಸದಾಗಿ ಏನೂ ಕಟ್ಟಬೇಕಾಗಿಲ್ಲ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆ ಪಂಚಾಯಿತಿಯಲ್ಲಿ ಕೂಸಿನ ಮನೆ ಮಾಡಿದ್ದಾರೆ. ಅದರ ಪಕ್ಕದ ಕೋಣೆಯಲ್ಲಿ ಹಗಲು ಹೊತ್ತು ಹಿರಿಯರು ಕೂರಲಿ. ಮಧ್ಯಾಹ್ನ ಬಿಸಿ ಮುದ್ದೆ, ಸೊಪ್ಪಿನ ಸಾರು. ಹಲ್ಲಿಲ್ಲದವರಿಗೆ ಮುದ್ದೆಯಂಥ ಊಟ ಇನ್ನೊಂದಿಲ್ಲ, ನುಂಗಿದರಾಯಿತು. ಇದನ್ನೂ ಆಶಾ ಕಾರ್ಯಕರ್ತೆಯ ತಲೆಗೆ ಕಟ್ಟಬೇಡಿ, ಅವರಿಗೆ ಈಗಾಗಲೇ ಸಾಕಷ್ಟು ಕೆಲಸವಿದೆ. ಊರಿನ ಹೆಣ್ಣುಮಕ್ಕಳಿಗೆ, ಗಂಡುಮಕ್ಕಳಿಗೂ, ತರಬೇತಿ ಕೊಟ್ಟು ಸಂಬಳ ಕೊಡಿ. ಮೈಸೂರಿನ ಮನೆಗಳಿಗೆ ಏಜೆನ್ಸಿ ಮೂಲಕ 12 ಗಂಟೆ ಪಾಳಿಗೆ ಹೋಗುವ ನಮ್ಮೂರಿನ ಹೆಂಗಸರಿಗೆ ಊರಲ್ಲೇ ಕೆಲಸ ಸಿಗುತ್ತದೆ.

ಮುಂದಿನ ಗ್ರಾಮಸಭೆಯಲ್ಲಿ ಒಂದೇ ಪ್ರಶ್ನೆ ಕೇಳಿ. ನಮ್ಮ ಪಂಚಾಯಿತಿಯಲ್ಲಿ 75 ದಾಟಿ ಒಬ್ಬರೇ ಇರುವವರ ಪಟ್ಟಿ ಎಲ್ಲಿದೆ? ಕುರಿ, ದನದ ಲೆಕ್ಕ ಇದೆ, ಬೋರ್‌ವೆಲ್ ಲೆಕ್ಕ ಇದೆ. ಈ ಪಟ್ಟಿ ಇಲ್ಲ ಅಂದರೆ ಅಲ್ಲೇ ಕೂತು ಬರೆಸಿ. ದಾನಪತ್ರದ ಕರಡು ತಂದವರು ಯಾರಾದರೂ ಇದ್ದರೆ ಊಟಕ್ಕೆ ಮುಂಚೆ ನನ್ನ ಹತ್ತಿರ ಬನ್ನಿ, ಸಹಿ ಹಾಕುವ ಮೊದಲು ಒಟ್ಟಿಗೆ ಓದೋಣ. ನಮಸ್ಕಾರ.