ಅರ್ಜಿ ಹಿಂದೆಗೆಯುವ ಮುನ್ನ

ಕೇಳುಗರೇ, ನಮಸ್ಕಾರ. ಮಗುವನ್ನು ಕಾಣುವ ಅವಕಾಶಕ್ಕಾಗಿ ಕುಟುಂಬ ನ್ಯಾಯಾಲಯದ ಮೆಟ್ಟಿಲು ಹತ್ತಿದ ತಂದೆ, ವಾಯಿದೆಗಳಿಂದ ಬೇಸತ್ತು, ಅರ್ಜಿಯನ್ನು ಹಿಂದೆಗೆಯಬೇಕೇ ಬೇಡವೇ ಎಂದು ಯೋಚಿಸುವ ಹೊತ್ತಿನ ಕುರಿತು ಇಂದು ಕೆಲವು ಮಾತುಗಳು.

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಗಳಿಂದ ತೋಟದ ಕೆಲಸ ಬಿಟ್ಟು ಬೆಳಗಿನ ಬಸ್ಸಿನಲ್ಲಿ ಕಾಸರಗೋಡಿಗೆ ಬಂದವರಿಗೆ, ಮಧ್ಯಾಹ್ನದವರೆಗೆ ಕಾದ ಮೇಲೆ ಮತ್ತೊಂದು ತಾರೀಕು ಮಾತ್ರ ಸಿಗುವುದುಂಟು. ಭೇಟಿಗೆ ಅನುಮತಿ ದೊರೆತ ದಿನವೂ ನೆಮ್ಮದಿಯದಾಗಿರಬೇಕೆಂದಿಲ್ಲ. ಕೌನ್ಸೆಲರ್ ಕೋಣೆಯ ಕುರ್ಚಿಯ ಅಂಚಿನಲ್ಲಿ ಕುಳಿತ ಏಳೆಂಟು ವರ್ಷದ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಅಪ್ಪ ತಂದ ಚಾಕೊಲೇಟನ್ನು ತಿನ್ನದೆ ಅದರ ಕಾಗದವನ್ನು ಉಗುರಿನಿಂದ ಗೀರುತ್ತ, ಬಾಗಿಲಾಚೆ ನಿಂತ ಅಮ್ಮನ ಕಡೆಗೇ ನೋಡುತ್ತಾಳೆ. ಕೇಳಿದ ಪ್ರಶ್ನೆಗೆಲ್ಲ 'ಹೂಂ' ಎಂಬ ಒಂದೇ ಉತ್ತರ. ನಾನು ಈ ಮಗುವನ್ನು ಗೋಳುಹೊಯ್ದುಕೊಳ್ಳುತ್ತಿದ್ದೇನೆಯೇ ಎಂಬ ಸಂದೇಹ ತಂದೆಗೆ ಹುಟ್ಟಿದರೆ ಅದು ದೌರ್ಬಲ್ಯವಲ್ಲ. ಆದರೆ ಆ ಸಂಜೆಯೇ ವಕೀಲರಿಗೆ ಫೋನ್ ಮಾಡಿ 'ಕೇಸು ಬೇಡ' ಎನ್ನುವುದು ಸರಿಯಾಗದು.

ಏಕೆಂದರೆ ಹಿಂದೆಗೆಯುವುದಕ್ಕೂ ಕ್ರಮವಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 23ನೇ ಆದೇಶದ 1ನೇ ನಿಯಮದಂತೆ, ಹೊಸದಾಗಿ ದಾವೆ ಹೂಡುವ ಅನುಮತಿಯನ್ನು ನ್ಯಾಯಾಲಯದಿಂದ ಪಡೆಯದೆ ಹಿಂದೆಗೆದರೆ, ಅದೇ ವಿಷಯಕ್ಕೆ ಮತ್ತೆ ಬರಲು ಅಡ್ಡಿಯಾಗುತ್ತದೆ. ಮಕ್ಕಳ ಸುಪರ್ದಿಯ ಆದೇಶಗಳು ಸ್ವಭಾವತಃ ತಾತ್ಕಾಲಿಕವೆಂದೂ ಸನ್ನಿವೇಶ ಬದಲಾದಾಗ ಅವನ್ನು ಬದಲಿಸಬಹುದೆಂದೂ ಸುಪ್ರೀಂ ಕೋರ್ಟು 1973ರಲ್ಲೇ ಹೇಳಿದೆ ಎಂಬುದು ನಿಜ. ಆದರೂ ಮುಂದೊಂದು ದಿನ ವಾದಕ್ಕೆ ಎಡೆಗೊಡುವುದಕ್ಕಿಂತ ಇಂದೇ ಅನುಮತಿಯನ್ನು ಬರೆಹದಲ್ಲಿ ಕೇಳಿಕೊಳ್ಳುವುದು ಲೇಸು.

ನಮ್ಮ ಗಡಿನಾಡಿನಲ್ಲಿ ಇನ್ನೊಂದು ತೊಡಕಿದೆ. ನನ್ನ ಅಭಿಪ್ರಾಯದಲ್ಲಿ ಇದರತ್ತ ಸಾಕಷ್ಟು ಗಮನ ಹೋಗಿಲ್ಲ. ಹಿಂದೆಗೆಯುವ ಹೇಳಿಕೆ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇರುತ್ತದೆ. ಕನ್ನಡ ಶಾಲೆಯಲ್ಲಿ ಓದಿದ ತಂದೆ, ಕೇಳಿದರೆ ವಕೀಲರು ಏನೆಂದುಕೊಳ್ಳುವರೋ ಎಂಬ ಸಂಕೋಚದಿಂದ ಸಹಿ ಹಾಕಿಬಿಡುತ್ತಾರೆ. ಪ್ರತಿಯೊಂದು ಸಾಲಿನ ಅರ್ಥವನ್ನೂ ಕನ್ನಡದಲ್ಲಿ ತಿಳಿದುಕೊಂಡ ಮೇಲೆಯೇ ಸಹಿ ಹಾಕಬೇಕು. ಸಂಕೋಚಪಡುವ ವಿಷಯ ಇದಲ್ಲ.

ಪೂರ್ತಿ ಹಿಂದೆ ಸರಿಯುವ ಬದಲು ಬೇಡಿಕೆಯನ್ನು ಕಡಿಮೆ ಮಾಡಿಕೊಳ್ಳಲು ಬರುತ್ತದೆಯೇ ಎಂದೂ ನೋಡಬೇಕು. ಮಗುವಿನ ಸುಪರ್ದಿ ಸಿಗದ ತಂದೆ ಅಥವಾ ತಾಯಿಗೆ ಮಗುವಿನೊಡನೆ ಆದಷ್ಟು ಹೆಚ್ಚು ಬಾರಿ ಮಾತನಾಡುವ ಅವಕಾಶವಿರಬೇಕು, ವೀಡಿಯೊ ಕರೆಯನ್ನೂ ಇದಕ್ಕೆ ಬಳಸಬಹುದು ಎಂಬ ನಿಲುವನ್ನು ಸುಪ್ರೀಂ ಕೋರ್ಟು 2020ರಲ್ಲಿ ತಾಳಿದೆ. ನ್ಯಾಯಾಲಯದ ಕೋಣೆಯಲ್ಲಿ ಬಿಗಿದುಕೊಂಡಿದ್ದ ಮಗು ಫೋನಿನಲ್ಲಿ ಶಾಲೆಯ ಗಲಾಟೆಯನ್ನೆಲ್ಲ ಹೇಳಿಕೊಳ್ಳಬಹುದು. ಸಾಧ್ಯವಿರುವಲ್ಲಿ ರಾಜಿ ಮಾಡಿಸಲು ಯತ್ನಿಸುವುದು 1984ರ ಕುಟುಂಬ ನ್ಯಾಯಾಲಯ ಕಾಯಿದೆಯು ನ್ಯಾಯಾಲಯಕ್ಕೇ ವಹಿಸಿದ ಕರ್ತವ್ಯ. ಆದ್ದರಿಂದ ಇಂಥ ಏರ್ಪಾಡನ್ನು ಕೇಳಿದರೆ ಸೋತಂತಾಗುವುದಿಲ್ಲ.

ಹಿಂದೆ ಸರಿಯುವುದೇ ಸರಿಯಾಗುವ ಸಂದರ್ಭಗಳೂ ಇವೆ. ತನ್ನ ಇಷ್ಟವನ್ನು ವಿವೇಚಿಸಿ ಹೇಳಬಲ್ಲ ವಯಸ್ಸಿನ ಮಗುವಿನ ಮಾತನ್ನು 1890ರ ಪೋಷಕರು ಮತ್ತು ಪಾಲ್ಯರ ಕಾಯಿದೆಯಂತೆ ನ್ಯಾಯಾಲಯ ಪರಿಗಣಿಸಬಹುದು. ಹದಿನಾಲ್ಕರ ಹುಡುಗ ಯಾರ ಒತ್ತಾಯವೂ ಇಲ್ಲದೆ 'ಈಗ ಬೇಡ' ಎಂದರೆ, ತೀರ್ಪಿಗಾಗಿ ಕಾಯದೆ ಆ ಮಾತನ್ನು ಒಪ್ಪುವ ತಂದೆ ಮುಂದಿನ ಸಂಬಂಧವನ್ನು ಉಳಿಸಿಕೊಳ್ಳುತ್ತಾನೆ ಎಂದು ನನಗೆ ಅನಿಸುತ್ತದೆ. ಆದರೆ ಜೀವನಾಂಶದ ಹೊಣೆ ಇದರಿಂದ ತಪ್ಪುವುದಿಲ್ಲ. ಭೇಟಿಯೇ ಇಲ್ಲವೆಂದು ಶಾಲೆಯ ಫೀಸು ನಿಲ್ಲಿಸುವವರು ಇದನ್ನು ಗಮನಿಸಬೇಕು.

ಬೇರೊಬ್ಬರ ಸಲಹೆ ಬೇಕೆನ್ನುವವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಬಹುದು. ಸಹಾಯವಾಣಿಯ ಸಂಖ್ಯೆ 15100. ಮುಂದಿನ ವಾಯಿದೆಯ ತಾರೀಕು, ಈವರೆಗಿನ ಆದೇಶಗಳ ಪ್ರತಿಗಳು ಕೈಯಲ್ಲಿದ್ದರೆ ಮಾತು ಸುಲಭವಾಗುತ್ತದೆ. ನಮಸ್ಕಾರ.