ಗದ್ಯಭಾಗ ಹೇಳದ ಮಾತು, ಪರೀಕ್ಷೆ ಕೇಳುವ ಪ್ರಶ್ನೆ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಪದವಿ ವ್ಯಾಸಂಗಕ್ಕೆಂದು ಎಸ್‌ಎಟಿ, ಇಂಗ್ಲಿಷ್ ಸಾಮರ್ಥ್ಯ ತೋರಿಸಲು ಐಇಎಲ್‌ಟಿಎಸ್, ಐಐಎಂ ಪ್ರವೇಶಕ್ಕಾಗಿ ಕ್ಯಾಟ್ ಬರೆಯುವ ವಿದ್ಯಾರ್ಥಿಗಳು ನಮ್ಮಲ್ಲಿ ಈಗ ಸಾಕಷ್ಟಿದ್ದಾರೆ. ಒಂದು ಗದ್ಯಭಾಗವನ್ನು ಕೊಟ್ಟು, ಅದರಲ್ಲಿ ನೇರವಾಗಿ ಬರೆದಿರದ, ಆದರೆ ಬರೆದದ್ದರಿಂದ ತಾನಾಗಿ ಹೊರಡುವ ಮಾತು ಯಾವುದೆಂದು ಕೇಳುವ ಪ್ರಶ್ನೆಗಳು ಇಂತಹ ಪರೀಕ್ಷೆಗಳಲ್ಲಿ ತಪ್ಪದೆ ಬರುತ್ತವೆ. ಇವನ್ನು ಇನ್‌ಫರೆನ್ಸ್ ಪ್ರಶ್ನೆಗಳೆನ್ನುತ್ತಾರೆ. ಇಲ್ಲಿ ಎಡವುವವರಲ್ಲಿ ಓದಿನ ಅಭ್ಯಾಸ ಚೆನ್ನಾಗಿರುವವರೂ ಇರುತ್ತಾರೆಂಬುದು ಯೋಚಿಸಬೇಕಾದ ಸಂಗತಿ.

ಒಂದು ಉದಾಹರಣೆಯನ್ನು ನಾನೇ ಕಟ್ಟಿ ಹೇಳುತ್ತೇನೆ. ಗದ್ಯಭಾಗ ಹೀಗಿದೆಯೆನ್ನಿ: ‘ಒಂದು ಊರಿನಲ್ಲಿ ಕೆರೆಯ ಹೂಳೆತ್ತಿದ ವರ್ಷವೇ ಕೆರೆಯ ಕೆಳಗಿನ ಬಾವಿಗಳಲ್ಲಿ ನೀರಿನ ಮಟ್ಟ ಏರಿತು. ಆದರೆ ಆ ವರ್ಷ ಮಳೆಯೂ ವಾಡಿಕೆಗಿಂತ ಹೆಚ್ಚಾಗಿತ್ತು.’ ಇದರಿಂದ ಏನನ್ನು ತೀರ್ಮಾನಿಸಬಹುದು? ಹೂಳೆತ್ತಿದ್ದರಿಂದಲೇ ಬಾವಿಗಳು ತುಂಬಿದವು ಎಂಬುದು ಮೊದಲನೆಯ ಆಯ್ಕೆ. ಹೂಳೆತ್ತಿದ್ದು ವ್ಯರ್ಥವಾಯಿತು ಎಂಬುದು ಎರಡನೆಯದು. ನೀರು ಏರಿತೆಂಬುದೊಂದನ್ನೇ ನೋಡಿ ಅದರ ಶ್ರೇಯಸ್ಸನ್ನೆಲ್ಲ ಹೂಳೆತ್ತಿದ ಕೆಲಸಕ್ಕೆ ಕೊಡಲಾಗದು ಎಂಬುದು ಮೂರನೆಯದು. ಎಲ್ಲ ಊರುಗಳೂ ಕೆರೆಯ ಹೂಳೆತ್ತಬೇಕು ಎಂಬುದು ಕೊನೆಯದು.

ಕೋಲಾರದ ಕಡೆಯ ರೈತರ ಮನೆಯ ಹುಡುಗಿಯೊಬ್ಬಳು ಮೊದಲನೆಯದನ್ನೇ ಗುರುತಿಸಿದರೆ ಆಶ್ಚರ್ಯವಿಲ್ಲ. ಹೂಳೆತ್ತಿದರೆ ನೀರು ಇಂಗುತ್ತದೆಂಬುದನ್ನು ಅವಳು ಕಣ್ಣಾರೆ ಕಂಡಿರಬಹುದು, ಮತ್ತು ಲೋಕದಲ್ಲಿ ಆ ಮಾತು ನಿಜವೂ ಆಗಿರಬಹುದು. ಆದರೆ ಪರೀಕ್ಷೆ ಕೇಳುವುದು ಲೋಕದ ನಿಜವನ್ನಲ್ಲ, ಆ ಎರಡು ವಾಕ್ಯಗಳನ್ನು ಒಪ್ಪಿದವರು ಒಪ್ಪಲೇಬೇಕಾದ ಮಾತನ್ನು. ಮಳೆಯೆಂಬ ಇನ್ನೊಂದು ಕಾರಣವನ್ನು ‘ಆದರೆ’ ಎಂಬ ಪದ ಎದುರಿಗೆ ತಂದು ನಿಲ್ಲಿಸಿದ ಮೇಲೆ ಮೊದಲನೆಯ ಆಯ್ಕೆಗೆ ಆಧಾರ ಸಾಲದು. ಎರಡನೆಯದು ಅಷ್ಟೇ ದೂರ ಎದುರು ದಿಕ್ಕಿಗೆ ಹೋಗುತ್ತದೆ. ನಾಲ್ಕನೆಯದು ಒಳ್ಳೆಯ ಸಲಹೆಯಾಗಿರಬಹುದು, ಗದ್ಯಭಾಗ ಅದನ್ನು ಹೇಳಿಲ್ಲ. ಉಳಿಯುವುದು ಮೂರನೆಯದು. ಅದು ಸಪ್ಪೆಯಾದ ಉತ್ತರವೆಂದು ಯಾರಿಗಾದರೂ ಅನಿಸುತ್ತದೆ. ಇಂತಹ ಪ್ರಶ್ನೆಗಳಲ್ಲಿ ಸರಿಯುತ್ತರ ಬಹಳ ಸಲ ಸಪ್ಪೆಯಾಗಿಯೇ ಇರುತ್ತದೆ.

ಐಇಎಲ್‌ಟಿಎಸ್‌ನಲ್ಲಿ ಇದೇ ತೊಡಕು ಬೇರೆ ರೂಪದಲ್ಲಿ ಬರುತ್ತದೆ. ಅಲ್ಲಿ ಒಂದು ಹೇಳಿಕೆ ಸರಿಯೋ, ತಪ್ಪೋ, ಅಥವಾ ಆ ವಿಚಾರವನ್ನೇ ಕೊಟ್ಟಿಲ್ಲವೋ ಎಂದು ಗುರುತಿಸಬೇಕಾಗುತ್ತದೆ. ‘ಹೂಳೆತ್ತಲು ಸರ್ಕಾರ ಹಣ ಕೊಟ್ಟಿತು’ ಎಂಬ ಹೇಳಿಕೆ ನಮ್ಮ ಗದ್ಯಭಾಗದ ಮಟ್ಟಿಗೆ ತಪ್ಪಲ್ಲ, ಕೊಟ್ಟಿಲ್ಲದ ವಿಚಾರ. ‘ಆ ವರ್ಷ ಮಳೆ ಕೈಕೊಟ್ಟಿತು’ ಎಂಬುದಾದರೆ ತಪ್ಪು, ಏಕೆಂದರೆ ಗದ್ಯಭಾಗವೇ ಅದನ್ನು ಅಲ್ಲಗಳೆಯುತ್ತದೆ.

ಎಲ್ಲ, ಎಂದಿಗೂ, ಮಾತ್ರ ಎಂಬಂತಹ ಪದಗಳಿರುವ ಆಯ್ಕೆಯನ್ನು ಕಣ್ಣುಮುಚ್ಚಿ ಬಿಟ್ಟುಬಿಡಿ ಎಂಬ ಸಲಹೆಯನ್ನು ನೀವು ಕೇಳಿರಬಹುದು. ನನಗೆ ಅದು ಅರೆಬೆಂದ ಸಲಹೆಯಾಗಿ ಕಾಣುತ್ತದೆ. ಗದ್ಯಭಾಗವೇ ‘ಈ ಸಸ್ಯ ಈ ಬೆಟ್ಟದಲ್ಲಿ ಮಾತ್ರ ಬೆಳೆಯುತ್ತದೆ’ ಎಂದಿದ್ದರೆ, ‘ಮಾತ್ರ’ ಎಂಬ ಪದವಿರುವ ಆಯ್ಕೆಯೇ ಸರಿಯಾಗಬಹುದು.

ಸಮಯದ ಒತ್ತಡವೂ ಸಣ್ಣದಲ್ಲ. ಈಗಿನ ಡಿಜಿಟಲ್ ಎಸ್‌ಎಟಿಯ ಓದು ಮತ್ತು ಬರವಣಿಗೆ ವಿಭಾಗದಲ್ಲಿ 64 ನಿಮಿಷಕ್ಕೆ 54 ಪ್ರಶ್ನೆಗಳಿರುತ್ತವೆ; ಗದ್ಯಭಾಗಗಳು 25ರಿಂದ 150 ಪದಗಳಷ್ಟು ಮಾತ್ರ. ಚಿಕ್ಕದಾದ್ದರಿಂದ ಎರಡು ಸಲ ಓದಬಹುದು, ಓದಲೇಬೇಕು. ಅಲ್ಲಿ ತಪ್ಪುತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಕ್ಯಾಟ್‌ನ ಬಹು ಆಯ್ಕೆಯ ಪ್ರಶ್ನೆಗಳಲ್ಲಿ ಸರಿಯುತ್ತರಕ್ಕೆ 3 ಅಂಕ, ತಪ್ಪಿದರೆ 1 ಅಂಕ ಕಡಿತ. ಅಲ್ಲಿ ಅಂದಾಜಿನ ಉತ್ತರ ದುಬಾರಿಯಾಗಬಹುದು.

ಅಭ್ಯಾಸಕ್ಕೆ ಕುಳಿತಾಗ ಆಯ್ಕೆಗಳನ್ನು ಕೈಯಿಂದ ಮುಚ್ಚಿಕೊಂಡು, ಗದ್ಯಭಾಗದಿಂದ ಏನು ಹೊರಡುತ್ತದೆಂದು ನಿಮ್ಮದೇ ಒಂದು ವಾಕ್ಯದಲ್ಲಿ ಮೊದಲು ಹೇಳಿಕೊಳ್ಳಿ. ಅದು ಕನ್ನಡದಲ್ಲಾದರೂ ಆದೀತು. ಆಮೇಲೆ ಆಯ್ಕೆಗಳನ್ನು ನೋಡಿ, ಬಿಟ್ಟ ಪ್ರತಿಯೊಂದು ಆಯ್ಕೆಯಲ್ಲೂ ಗದ್ಯಭಾಗದ ಗಡಿ ದಾಟಿದ ಪದ ಯಾವುದೆಂದು ಹುಡುಕಿ, ಅದರ ಕೆಳಗೆ ಗೆರೆ ಎಳೆಯಿರಿ. ಎಸ್‌ಎಟಿ ನಡೆಸುವ ಕಾಲೇಜ್ ಬೋರ್ಡ್ ತನ್ನ ಬ್ಲೂಬುಕ್ ಆ್ಯಪ್‌ನಲ್ಲಿ ಪೂರ್ಣ ಮಾದರಿ ಪರೀಕ್ಷೆಗಳನ್ನು ಉಚಿತವಾಗಿ ಇಟ್ಟಿದೆ. ಅಭ್ಯಾಸವನ್ನು ಅಲ್ಲಿಂದಲೇ ಆರಂಭಿಸಬಹುದು.

ನಮಸ್ಕಾರ.